ಮಿಕ್ಕ ಬಣ್ಣವನ್ನು ಮೋರಿಗೆ ಸುರಿಯದೆ ವಿಲೇವಾರಿ ಮಾಡುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಹೊರವಲಯದ ಲೇಔಟೊಂದರಲ್ಲಿ 30×40 ಸೈಟಿನ ಹಳೆಯ ಮನೆ ನಮ್ಮದು. ಈಚೆಗೆ ಒಳಗೂ ಹೊರಗೂ ಬಣ್ಣ ಹೊಡೆಸಿದೆವು. ಹೊರಗೋಡೆಯ ಎಮಲ್ಷನ್ 20 ಲೀಟರಿನ ಬಕೆಟ್ಟಿನಲ್ಲಿ ಅರ್ಧ ಉಳಿದಿದೆ. ಪೇಂಟರ್ ನೀರು ಬೆರೆಸಿಟ್ಟುಹೋದ ಒಳಗೋಡೆಯ ಬಣ್ಣ ಐದು ಲೀಟರ್ ಇದೆ. ಗೇಟಿಗೆ ತಂದ ಎನಾಮೆಲ್, ಅಟ್ಟದಲ್ಲಿ ಸಿಕ್ಕ ಹಳೆಯ ಹಳದಿ ಎನಾಮೆಲ್ ಡಬ್ಬಿ, ಬಾಗಿಲಿನ ಪಿಯು (ಪಾಲಿಯುರೆಥೇನ್) ಪಾಲಿಶ್, ಕೊಳೆಯಾದ ಟರ್ಪೆಂಟೈನ್, ರೋಲರ್, ಬ್ರಷ್, ಚಿಂದಿಬಟ್ಟೆ, ಕಿಟಕಿ ಸರಳುಗಳಿಂದ ಕೆರೆದ ಪುಡಿ ಎಲ್ಲವೂ ಕಾರ್ ಶೆಡ್ಡಿನಲ್ಲಿ ಬಿದ್ದಿವೆ. ಕಸದ ಆಟೊದವರು ಮುಟ್ಟುವುದಿಲ್ಲ. ಪೇಂಟರ್ ಮೋರಿಗೆ ಸುರಿದುಬಿಡಿ ಎನ್ನುತ್ತಾರೆ. ಒಳಚರಂಡಿ ನಮ್ಮಲ್ಲಿಗೆ ಇನ್ನೂ ಬಂದಿಲ್ಲ, ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಇವೆ. ಏನು ಮಾಡಬೇಕು?

ಉತ್ತರ: ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬಣ್ಣ ನಿಮ್ಮ ಮನೆಯಿಂದ ದ್ರವವಾಗಿ ಹೊರಗೆ ಹೋಗಬೇಕಾದರೆ ಅದನ್ನು ಬಳಸುವವರ ಕೈಗೆ, ಇಲ್ಲವೇ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಮಾತ್ರ ಹೋಗಬೇಕು. ಮಿಕ್ಕದ್ದೆಲ್ಲ ಒಣಗಿ, ಗಟ್ಟಿಯಾಗಿಯೇ ಹೋಗಬೇಕು.

ಕಸದ ಆಟೊದವರು ಮುಟ್ಟದಿರುವುದರಲ್ಲಿ ತಪ್ಪಿಲ್ಲ. ಆಟೊದಿಂದ ಕಸ ದೊಡ್ಡ ಲಾರಿಗೆ ಹೋಗುತ್ತದೆ, ಅಲ್ಲಿ ಅದನ್ನು ಒತ್ತುತ್ತಾರೆ. ಒತ್ತಿದಾಗ ಡಬ್ಬದ ಮುಚ್ಚಳ ಹಾರಿ ಬಣ್ಣ ಉಳಿದ ಕಸಕ್ಕೆಲ್ಲ ಮೆತ್ತಿಕೊಳ್ಳುತ್ತದೆ, ರಸ್ತೆಗೆ ಸುರಿಯುತ್ತದೆ, ಬೇರ್ಪಡಿಸುವ ಪೌರಕಾರ್ಮಿಕರ ಕೈ-ಮುಖಕ್ಕೆ ಸಿಡಿಯುತ್ತದೆ. ಎಷ್ಟೋ ಕಡೆ ಅವರ ಕೈಗೆ ಗವಸೂ ಇರುವುದಿಲ್ಲ.

ಮೋರಿಯ ವಿಷಯಕ್ಕೆ ಬಂದರೆ, ಅದು ಮಳೆನೀರಿನ ಕಾಲುವೆ. ಅಲ್ಲಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ. ನಡುವೆ ನೀರು ಶುದ್ಧವಾಗುವ ಯಾವ ಏರ್ಪಾಡೂ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ಬಚ್ಚಲಿಗೋ ಕಮೋಡಿಗೋ ಸುರಿದರೆ ನಷ್ಟ ನಿಮ್ಮದೇ. ಎಮಲ್ಷನ್ನಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ರಾಸಾಯನಿಕಗಳಿರುತ್ತವೆ. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಬ್ಯಾಕ್ಟೀರಿಯಾಗಳಿಂದ, ಅವನ್ನೇ ಇದು ಹೊಡೆಯುತ್ತದೆ. ಇನ್ನು ಬಣ್ಣದಲ್ಲಿರುವ ಅಕ್ರಿಲಿಕ್ ಅಂಟು ಇಂಗುಗುಂಡಿಯ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಪದರಗಟ್ಟಿ ನೀರು ಇಂಗದಂತೆ ಮಾಡುತ್ತದೆ. ಆಮೇಲೆ ಗುಂಡಿ ತುಂಬಿ ಮೇಲೆ ಉಕ್ಕಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಈಗ ಸಾಮಾನನ್ನು ಎರಡು ಗುಂಪು ಮಾಡಿ. ನೀರಿನಲ್ಲಿ ಕರಗುವ ಬಣ್ಣಗಳು ಒಂದು ಕಡೆ: ಎಮಲ್ಷನ್, ಡಿಸ್ಟೆಂಪರ್, ನೀರಿನ ಪ್ರೈಮರ್. ಎಣ್ಣೆ ಮತ್ತು ಥಿನ್ನರ್ ಬಣ್ಣಗಳು ಇನ್ನೊಂದು ಕಡೆ: ಎನಾಮೆಲ್, ರೆಡ್ ಆಕ್ಸೈಡ್, ವಾರ್ನಿಷ್, ಪಿಯು, ಟರ್ಪೆಂಟೈನ್. ಲೇಬಲ್ ಅಳಿಸಿಹೋಗಿದ್ದರೆ ಒಂದು ಹನಿಯನ್ನು ಲೋಟ ನೀರಿಗೆ ಹಾಕಿ. ನೀರಿನ ಬಣ್ಣ ಹಾಲಿನಂತೆ ಹರಡುತ್ತದೆ, ಎಣ್ಣೆ ಬಣ್ಣ ಮುದ್ದೆಯಾಗಿಯೋ ತೆಳು ಪದರವಾಗಿಯೋ ಬೇರೆಯಾಗಿಯೇ ನಿಲ್ಲುತ್ತದೆ. ಒಂದರ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಕೆಲವು ಕಡೆ ಬೆಂಕಿಯ ಅಪಾಯವೇ ಇದೆ, ಮುಂದೆ ಹೇಳುತ್ತೇನೆ.

ಆ ಹತ್ತು ಲೀಟರ್ ಹೊರಗೋಡೆ ಬಣ್ಣ

ಇದನ್ನು ಕಸ ಎಂದು ನೋಡಲೇಬೇಡಿ. ಒಂದು ಲೀಟರ್ ಹೊರಗೋಡೆ ಎಮಲ್ಷನ್ ಎರಡು ಕೋಟ್ ಹೊಡೆದರೆ ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. ಹತ್ತು ಲೀಟರಿಗೆ 500ರಿಂದ 600 ಚದರ ಅಡಿ ಆಯಿತು. 30×40 ಸೈಟಿನ ಕಾಂಪೌಂಡಿನ ಸುತ್ತಳತೆ 140 ಅಡಿ, ಎತ್ತರ ಐದು ಅಡಿ ಎಂದುಕೊಂಡರೆ ಒಂದು ಮಗ್ಗುಲಿಗೆ 700 ಚದರ ಅಡಿ. ಗೇಟು ಕಳೆದರೆ ಕಾಂಪೌಂಡಿನ ಒಳಮಗ್ಗುಲಿನ ಬಹುಪಾಲು ಇದರಲ್ಲೇ ಮುಗಿಯುತ್ತದೆ. ಕಾಂಪೌಂಡಿಗೂ ಹೊಡೆದಾಗಿದ್ದರೆ ತಾರಸಿಯ ಪ್ಯಾರಪೆಟ್ಟಿನ ಒಳಬದಿ, ಮೆಟ್ಟಿಲ ಕೆಳಗಿನ ಗೋಡೆ, ಪಂಪ್ ಮನೆ ಇದ್ದೇ ಇರುತ್ತವೆ.

ಮಲಗುವ ಕೋಣೆಗೆ ಮಾತ್ರ ಇದನ್ನು ಹೊಡೆಯಬೇಡಿ. ಮಳೆಯಲ್ಲಿ ಪಾಚಿ ಕಟ್ಟದಿರಲೆಂದು ಹೊರಗೋಡೆ ಬಣ್ಣಕ್ಕೆ ಶಿಲೀಂಧ್ರನಾಶಕ, ಪಾಚಿನಾಶಕಗಳನ್ನು ಹೆಚ್ಚು ಸೇರಿಸಿರುತ್ತಾರೆ. ಕಿಟಕಿ ಮುಚ್ಚಿ ಮಲಗುವ ಕೋಣೆಯಲ್ಲಿ ಅದು ಬೇಡ. ಒಳಗೋಡೆ ಬಣ್ಣವನ್ನು ಹೊರಗೆ ಹೊಡೆದರೆ ಒಂದೆರಡು ಮಳೆಗಾಲಕ್ಕೇ ಪುಡಿ ಏಳುತ್ತದೆ.

ಬೇರೆಯವರಿಗೆ ಕೊಡುವುದಾದರೆ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರನ್ನೋ ಶಾಲಾಭಿವೃದ್ಧಿ ಸಮಿತಿಯವರನ್ನೋ ಮೊದಲು ಕೇಳಿ. ಅಂಗನವಾಡಿ, ದೇವಸ್ಥಾನದ ಪ್ರಾಕಾರ, ಕಟ್ಟುತ್ತಿರುವ ಮನೆಯ ಮೇಸ್ತ್ರಿ ಇವರಿಗೂ ಉಪಯೋಗಕ್ಕೆ ಬರುತ್ತದೆ. ಕಂಪನಿ, ಶೇಡ್ ಸಂಖ್ಯೆ, ಒಳಗಿನದೋ ಹೊರಗಿನದೋ, ಎಷ್ಟು ಲೀಟರ್, ಎಂದು ತೆರೆದದ್ದು ಎಂಬುದನ್ನು ಮಾರ್ಕರಿನಲ್ಲಿ ಬಕೆಟ್ಟಿನ ಮೇಲೆ ಬರೆದೇ ಕೊಡಿ. ಕೊಡುವ ಮುಂಚೆ ಮುಚ್ಚಳ ತೆಗೆದು ಮೂಸಿ. ಕೊಳೆತ ಮೊಟ್ಟೆಯಂಥ ನಾತ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಅಂಥ ಬಣ್ಣ ಗೋಡೆಗೆ ಹೊಡೆದ ಮೇಲೂ ವಾಸನೆ ಬಿಡುವುದಿಲ್ಲ. ವಾಸನೆ ಇಲ್ಲದಿದ್ದರೆ ತಳದವರೆಗೆ ಕಡ್ಡಿ ಇಳಿಸಿ ಐದು ನಿಮಿಷ ಕಲಕಿ, ಹಳೆಯ ಪೇಪರಿನ ಮೇಲೆ ಒಂದು ಬ್ರಷ್ ಎಳೆದು ನೋಡಿ. ನುಣುಪಾಗಿ ಬಂದರೆ ಬಣ್ಣ ಜೀವಂತ. ಮೊಸರು ಒಡೆದಂತೆ ಗಂಟುಗಂಟಾದರೆ ಒಣಗಿಸುವ ಸಾಲಿಗೆ ಸೇರಿಸಿ.

ನೀರು ಬೆರೆಸಿದ್ದು ಏಕೆ ಉಳಿಯುವುದಿಲ್ಲ

ಪೇಂಟರ್ ಬೆರೆಸಿಟ್ಟ ಐದು ಲೀಟರಿನ ಗತಿ ಬೇರೆ. ಒಳಗೋಡೆ ಎಮಲ್ಷನ್ನಿಗೆ ನಮ್ಮಲ್ಲಿ ಅರ್ಧದಷ್ಟು ನೀರು ಸೇರಿಸುವುದುಂಟು. ನೀರು ಸೇರಿದಂತೆ ಕೆಡದಂತೆ ಕಾಯುವ ರಾಸಾಯನಿಕದ ಪ್ರಮಾಣ ಇಳಿಯುತ್ತದೆ, ಜೊತೆಗೆ ಬೋರ್‌ವೆಲ್ ನೀರಿನಿಂದ, ಬಕೆಟ್ಟಿನಿಂದ, ಬ್ರಷ್ಷಿನಿಂದ ಬ್ಯಾಕ್ಟೀರಿಯಾ ಬರುತ್ತದೆ. ಕೆಲವೇ ದಿನಗಳಲ್ಲಿ ಹುಳಿವಾಸನೆ ಶುರು. ಆದ್ದರಿಂದ ನೀರು ಬೆರೆತದ್ದನ್ನು ಎತ್ತಿಡುವ ಯೋಚನೆ ಬೇಡ, ಮೂಲ ಬಕೆಟ್ಟಿಗೆ ವಾಪಸ್ ಸುರಿಯುವುದಂತೂ ಬೇಡವೇ ಬೇಡ. ಇನ್ನೂ ಚೆನ್ನಾಗಿದ್ದರೆ ಇದೇ ವಾರ ಸ್ಟೋರ್ ರೂಮಿನ ಗೋಡೆಗೆ ಹೊಡೆಸಿ. ಇಲ್ಲವಾದರೆ ಒಣಗಿಸಬೇಕು.

ಒಣಗಿಸುವಾಗ ಎಲ್ಲರೂ ಮಾಡುವ ತಪ್ಪು ಎಂದರೆ ಬಕೆಟ್ಟಿನ ಮುಚ್ಚಳ ತೆಗೆದು ಬಿಸಿಲಿಗಿಟ್ಟು ಮರೆಯುವುದು. ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಆ ಪದರವೇ ಕೆಳಗಿನ ನೀರು ಆರದಂತೆ ತಡೆಯುತ್ತದೆ. ತಿಂಗಳಾದ ಮೇಲೆ ಒಣಗಿದೆ ಎಂದು ಎತ್ತಿದರೆ ಅಡಿಯಲ್ಲಿ ಬಣ್ಣ ಹಾಗೆಯೇ ಇರುತ್ತದೆ. ನಡುವೆ ಒಂದು ಮಳೆ ಬಂದರೆ ಬಕೆಟ್ ತುಂಬಿ ಅಂಗಳಕ್ಕೆಲ್ಲ ಹರಿಯುತ್ತದೆ.

ಸರಿಯಾದ ಕ್ರಮ ಹೀಗೆ. ಮರ ಕೊಯ್ಯುವ ಮಿಲ್ಲಿನಿಂದ ಮರದ ಹೊಟ್ಟು ತನ್ನಿ. ಐದು ಲೀಟರ್ ತೆಳುವಾದ ಬಣ್ಣಕ್ಕೆ ಹತ್ತು ಲೀಟರ್ ಬಕೆಟ್ ತುಂಬ ಹೊಟ್ಟು ಸಾಕು, ದಪ್ಪ ಬಣ್ಣವಾದರೆ ಅದರ ಅರ್ಧ. ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕೋಲಿನಿಂದ ಕಲಸಿ, ಒಂದು ಗಂಟೆ ಬಿಡಿ. ರಬ್ಬರ್ ಗವಸು ತೊಟ್ಟು ಒಂದು ಹಿಡಿ ತೆಗೆದು ಹಿಂಡಿದರೆ ಒಂದು ಹನಿಯೂ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನಷ್ಟು ಹೊಟ್ಟು ಸೇರಿಸಿ. ಆಮೇಲೆ ಹರಿದ ಟಾರ್ಪಾಲಿನ್ನಿನ ಮೇಲೋ ಬಿಡಿಸಿದ ಸಿಮೆಂಟ್ ಚೀಲಗಳ ಮೇಲೋ ಒಂದು ಇಂಚಿಗಿಂತ ದಪ್ಪವಾಗದಂತೆ ಹರಡಿ, ದಿನಕ್ಕೊಮ್ಮೆ ಮಗುಚಿ. ಒಳ್ಳೆಯ ಬಿಸಿಲಿದ್ದರೆ ಮೂರು-ನಾಲ್ಕು ದಿನದಲ್ಲಿ ಹೆಂಟೆಗಟ್ಟುತ್ತದೆ. ಹೆಂಟೆ ಒಡೆದಾಗ ಒಳಗೂ ಒಣಗಿರಬೇಕು.

ಮಳೆಗಾಲದಲ್ಲಿ ಇದಾಗದ ಮಾತು. ಆಗ ಉಳಿದ ಸಿಮೆಂಟ್ ಉಪಯೋಗಿಸಿ. ಒಂದು ಲೀಟರ್ ಬಣ್ಣಕ್ಕೆ ಸುಮಾರು ಒಂದು ಕಿಲೋ ಸಿಮೆಂಟ್, ಎರಡು ಕಿಲೋ ಎಂ-ಸ್ಯಾಂಡ್ ಹಾಕಿ ಬಾಣಲಿಯಲ್ಲಿ ಗಾರೆಯಂತೆ ಕಲಸಿ ತೆಳುವಾಗಿ ಬಿಡಿ. ಬಣ್ಣದ ಅಂಟಿನಿಂದಾಗಿ ಇದು ಮಾಮೂಲಿ ಗಾರೆಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ, ಎರಡು-ಮೂರು ದಿನ ಕಾಯಬೇಕು. ಗಂಟುಕಟ್ಟಿದ ಹಳೆಯ ಸಿಮೆಂಟ್ ಕೆಲಸಕ್ಕೆ ಬರುವುದಿಲ್ಲ. ಹಾಕಿದರೆ ಕೆಸರಾಗಿಯೇ ಉಳಿಯುತ್ತದೆ.

ಒಣಗಿದ್ದನ್ನು ಪೇಪರಿನಲ್ಲಿ ಸುತ್ತಿ, ಚೀಲದ ಮೇಲೆ ‘ಒಣಗಿದ ಬಣ್ಣ’ ಎಂದು ಬರೆದು ಪ್ರತ್ಯೇಕವಾಗಿ ಕೊಡಿ. ಹಸಿಕಸದ ಬುಟ್ಟಿಗೆ ಖಂಡಿತ ಬೇಡ. ಹಸಿಕಸ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಅದರ ಜೊತೆ ಈ ಪ್ಲಾಸ್ಟಿಕ್ ಚೂರುಗಳೂ ಹೋಗುತ್ತವೆ. ತೋಟದ ಮಣ್ಣಿಗೆ ಬೆರೆಸುವುದೂ ಅದೇ ತಪ್ಪು.

ಎನಾಮೆಲ್, ಟರ್ಪೆಂಟೈನ್ ಮತ್ತು ಬೆಂಕಿ

ಎನಾಮೆಲ್ಲನ್ನು ಮರದ ಹೊಟ್ಟಿನಲ್ಲಿ ಕಲಸಬೇಡಿ. ಎನಾಮೆಲ್ ಒಣಗುವುದು ಬರೀ ಟರ್ಪೆಂಟೈನ್ ಆವಿಯಾಗುವುದರಿಂದಲ್ಲ. ಅದರಲ್ಲಿರುವ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಹಾಗೆ ಸೇರುವಾಗ ಶಾಖ ಹುಟ್ಟುತ್ತದೆ. ಗೇಟಿನ ಮೇಲಿನ ತೆಳು ಪದರದಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ. ಹೊಟ್ಟಿನ ರಾಶಿಯಲ್ಲಿ, ಮುದುಡಿದ ಬಟ್ಟೆಯ ಮೂಟೆಯಲ್ಲಿ ಅದಕ್ಕೆ ದಾರಿ ಇಲ್ಲ. ಶಾಖ ಏರಿದಷ್ಟೂ ಕ್ರಿಯೆ ಚುರುಕಾಗುತ್ತದೆ, ಕೆಲವೇ ಗಂಟೆಗಳಲ್ಲಿ ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಅಗಸೆ ಎಣ್ಣೆ, ವುಡ್ ಫಿನಿಶ್ ಎಣ್ಣೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಾಗಾಗಿ ಈ ಉತ್ತರ ಓದಿ ಮುಗಿಸುವ ಮುಂಚೆಯೇ ಕಾರ್ ಶೆಡ್ಡಿನ ಬಟ್ಟೆಯ ಮೂಟೆ ಬಿಚ್ಚಿ. ಎನಾಮೆಲ್, ವಾರ್ನಿಷ್, ಎಣ್ಣೆ ಒರೆಸಿದ ಬಟ್ಟೆಗಳನ್ನು ಮನೆಯಿಂದಲೂ ಕಾರಿನಿಂದಲೂ ದೂರ, ಬಯಲಲ್ಲಿ, ಸಿಮೆಂಟ್ ನೆಲದ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಹಾರದಂತೆ ಕಲ್ಲಿಡಿ. ಎರಡು-ಮೂರು ದಿನಕ್ಕೆ ಹಪ್ಪಳದಂತೆ ಸೆಟೆದ ಮೇಲೆ ಅವನ್ನು ಕಸಕ್ಕೆ ಕೊಡಬಹುದು. ಹರಡಲು ಜಾಗ ಇಲ್ಲದವರು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಸುಟ್ಟುಹಾಕುವ ಅಭ್ಯಾಸ ದಯವಿಟ್ಟು ಬೇಡ. ಬಣ್ಣದಲ್ಲಿನ ಲೋಹಗಳು ಸುಟ್ಟರೆ ಇಲ್ಲವಾಗುವುದಿಲ್ಲ, ಹೊಗೆಯಲ್ಲಿ ಸ್ವಲ್ಪ, ಬೂದಿಯಲ್ಲಿ ಸ್ವಲ್ಪ ಉಳಿದುಕೊಳ್ಳುತ್ತವೆ.

ಗೇಟಿಗೆ ತಂದ ಎನಾಮೆಲ್ ಇಟ್ಟುಕೊಳ್ಳಲು ಯೋಗ್ಯ. ಬಿಗಿಯಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಮೇಲೆ ಕಟ್ಟಿದ ಕೆನೆಯನ್ನು ಕಲಕಬೇಡಿ, ಕಲಕಿದರೆ ಅದರ ಚೂರುಗಳು ಬಣ್ಣದಲ್ಲೆಲ್ಲ ಸೇರುತ್ತವೆ. ಚಾಕುವಿನಿಂದ ಅಂಚು ಬಿಡಿಸಿ ಇಡಿಯಾಗಿ ಎತ್ತಿ, ಉಳಿದದ್ದನ್ನು ಹಳೆಯ ವೇಲಿನ ಬಟ್ಟೆಯಲ್ಲಿ ಸೋಸಿದರೆ ಸಾಕು. ಪೂರ್ತಿ ಕೆಟ್ಟಿದ್ದರೆ ಅದು ಹೋಗಬೇಕಾದದ್ದು ಅಪಾಯಕಾರಿ ಕಸದ ಕೇಂದ್ರಕ್ಕೆ. ಹತ್ತಿರದಲ್ಲಿ ಕೇಂದ್ರವಿಲ್ಲದಿದ್ದರೆ, ಅರ್ಧ ಲೀಟರಿನವರೆಗಿನ ಚೂರುಪಾರು ಬಣ್ಣವನ್ನು ಒಣ ಮರಳಿನಲ್ಲಿ ಕಲಸಿ, ಗಾಳಿ ಆಡುವ ಬಯಲಲ್ಲಿ ತಗಡಿನ ತಟ್ಟೆಯ ಮೇಲೆ ಅರ್ಧ ಇಂಚು ಹರಡಿ ಗಟ್ಟಿಯಾಗಲು ಬಿಡಬಹುದು. ಮಕ್ಕಳು, ನಾಯಿ, ದನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಕೊಳೆಯಾದ ಟರ್ಪೆಂಟೈನ್ ಕೆಟ್ಟಿಲ್ಲ, ಕೊಳೆಯಾಗಿದೆ ಅಷ್ಟೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಅಲುಗಾಡಿಸದೆ ಎರಡು ದಿನ ಇಡಿ. ಬಣ್ಣವೆಲ್ಲ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ನಿಧಾನವಾಗಿ ಇನ್ನೊಂದು ಬಾಟಲಿಗೆ ಬಗ್ಗಿಸಿಕೊಂಡರೆ ಬ್ರಷ್ ತೊಳೆಯಲು ಮತ್ತೆಮತ್ತೆ ಬರುತ್ತದೆ. ತಳದ ಕೆಸರನ್ನು ಎನಾಮೆಲ್ಲಿನ ಹಾಗೆಯೇ ಮರಳಿಗೆ ಕಲಸಿ. ಬಾಟಲಿಯ ಮೇಲೆ ಹೆಸರು ಬರೆಯದೆ ಇಡಬೇಡಿ. ಹಳೆಯ ನೀರಿನ ಬಾಟಲಿಗೆ ತುಂಬಿಟ್ಟ ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆಗಳನ್ನು ಮಕ್ಕಳು ನೀರೆಂದು ಕುಡಿದುಬಿಡುತ್ತವೆ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಪಿಯು ಪಾಲಿಶ್ಶಿನಲ್ಲಿ ಬೇಸ್ ಮತ್ತು ಹಾರ್ಡ್‌ನರ್ ಬೇರೆ ಬೇರೆ ಡಬ್ಬಿಗಳಲ್ಲಿರುತ್ತವೆ. ಈಗಾಗಲೇ ಎರಡನ್ನೂ ಬೆರೆಸಿದ್ದಾದರೆ ಕೆಲವು ಗಂಟೆಗಳಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಬಿಸಿಯಾಗುವುದರಿಂದ ಮುಚ್ಚಳ ಹಾಕದೆ ಹೊರಗಡೆ ಅಗಲ ತಟ್ಟೆಯಲ್ಲಿ ಬಿಡಿ. ಬೆರೆಸದೆ ಉಳಿದ ಹಾರ್ಡ್‌ನರ್ ವಿಷಯದಲ್ಲಿ ಎಚ್ಚರಿಕೆ ಬೇಕು. ಅದರಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ತೇವ ತಗುಲಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಮುಚ್ಚಿದ ಡಬ್ಬಿ ಉಬ್ಬಿ ಸಿಡಿಯಬಹುದು. ಅದರ ಆವಿ ಉಬ್ಬಸ ಇರುವವರಿಗೆ ಕೆಟ್ಟದ್ದು. ಸೀಲ್ ಚೆನ್ನಾಗಿದ್ದರೆ ಬೇಸಿನೊಂದಿಗೆ ಪಾಲಿಶ್ ಕೆಲಸದ ಮರಗೆಲಸದವರಿಗೇ ಕೊಟ್ಟುಬಿಡಿ, ಅವರು ಒಂದೇ ದಿನದಲ್ಲಿ ಖರ್ಚು ಮಾಡುತ್ತಾರೆ.

ಬ್ರಷ್, ರೋಲರ್ ಮತ್ತು ತೊಳೆದ ನೀರು

ಮೋರಿ ಸೇರುವ ಬಣ್ಣ ಡಬ್ಬದ್ದಷ್ಟೇ ಅಲ್ಲ, ಬ್ರಷ್-ರೋಲರ್ ತೊಳೆದದ್ದೂ ಹೌದು. ನಲ್ಲಿಯ ಕೆಳಗೆ ಹಿಡಿಯುವ ಮುಂಚೆ ರೋಲರನ್ನು ಸ್ಕ್ರೇಪರಿನಿಂದ ಒತ್ತಿ ಎಳೆದರೆ ಲೋಟದಷ್ಟು ಬಣ್ಣ ಬೆರೆಸಿಕೊಂಡ ಡಬ್ಬಕ್ಕೇ ವಾಪಸಾಗುತ್ತದೆ. ಉಳಿದದ್ದನ್ನು ಹಳೆಯ ಪೇಪರಿನ ಮೇಲೆ ಉರುಳಿಸಿ ಒರೆಸಿ. ಆಮೇಲೂ ನಲ್ಲಿ ಬೇಡ, ಒಂದರ ನಂತರ ಒಂದರಂತೆ ಮೂರು ಬಕೆಟ್ಟುಗಳಲ್ಲಿ ತೊಳೆಯಿರಿ. ಹತ್ತು ಲೀಟರಿಗಿಂತ ಕಡಿಮೆ ನೀರಿನಲ್ಲಿ ಮುಗಿಯುತ್ತದೆ.

ಹಾಲಿನಂತಾದ ಆ ನೀರನ್ನು ತಿಳಿ ಮಾಡುವುದು ಕಷ್ಟವಿಲ್ಲ. ಹತ್ತು ಲೀಟರಿಗೆ 25 ಗ್ರಾಂ ಪಟಿಕದ ಪುಡಿ ಹಾಕಿ ಕಲಕಿ. ಐದು ನಿಮಿಷ ಬಿಟ್ಟು ಅಷ್ಟೇ ತೂಕದ ಅರಳಿದ ಸುಣ್ಣದ ಪುಡಿ ಹಾಕಿ ಮತ್ತೆ ಕಲಕಿ, ರಾತ್ರಿ ಬಿಡಿ. ಬಣ್ಣದ ಕಣಗಳು ಅರಳೆಯಂತೆ ಗುಂಪುಗೂಡಿ ತಳಕ್ಕಿಳಿದಿರುತ್ತವೆ. ದಪ್ಪ ಬಟ್ಟೆಯಲ್ಲಿ ಸೋಸಿ ಕೆಸರನ್ನು ಒಣಗಿಸಿ. ತಿಳಿನೀರನ್ನು ಮತ್ತೆ ಬ್ರಷ್ ತೊಳೆಯಲು ಇಟ್ಟುಕೊಳ್ಳಬಹುದು, ಕೊನೆಗೆ ಬಚ್ಚಲಿಗೆ ಬಿಡಬಹುದು. ಗಿಡಗಳಿಗೂ ಬಾವಿಯ ಸುತ್ತಮುತ್ತಲ ನೆಲಕ್ಕೂ ಹಾಕಬೇಡಿ.

ನಾಳೆ ಅದೇ ಬಣ್ಣ ಹೊಡೆಯುವುದಿದ್ದರೆ ತೊಳೆಯುವ ಅಗತ್ಯವೇ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ ಮರುದಿನಕ್ಕೆ ಮೆತ್ತಗೇ ಇರುತ್ತದೆ. ಗಟ್ಟಿಯಾದ ರೋಲರಿನ ತೋಳು ಮಾತ್ರ ಎಸೆಯಿರಿ, ಹಿಡಿಕೆ ಇಟ್ಟುಕೊಳ್ಳಿ.

ಕೆರೆದ ಪುಡಿ, ಅಟ್ಟದ ಹಳದಿ ಡಬ್ಬಿ

ನೀವು ಪಟ್ಟಿಯ ಕೊನೆಗೆ ಬರೆದ ಪುಡಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಮುಂಚಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು, ಹಸಿರುಗಳಲ್ಲಿ ಸೀಸ ಇದರ ನೂರಾರು ಪಟ್ಟು ಇರುತ್ತಿದ್ದದ್ದುಂಟು. ಕಿಟಕಿ ಸರಳನ್ನು ಎಮರಿ ಕಾಗದದಲ್ಲಿ ಒಣದಾಗಿ ಉಜ್ಜಿದಾಗ ಏಳುವ ಧೂಳು ನೆಲಕ್ಕಿಳಿದು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ.

ಆ ಪುಡಿಯನ್ನು ಒಣದಾಗಿ ಗುಡಿಸಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಬಳಿದು, ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಒರೆಸಿದ ಬಟ್ಟೆಯೂ ಅದರೊಳಗೇ ಹೋಗಲಿ. ನೆಲವನ್ನು ಸೋಪಿನ ನೀರಿನಲ್ಲಿ ಎರಡು ಸಲ ಒರೆಸಿ. ಅಟ್ಟದ ಹಳದಿ ಡಬ್ಬಿಯ ಮೇಲೆ ತಯಾರಾದ ದಿನಾಂಕ ನೋಡಿ. 2017ರ ನವೆಂಬರಿಗಿಂತ ಮುಂಚಿನದಾಗಿದ್ದರೆ, ದಿನಾಂಕವೇ ಕಾಣದಿದ್ದರೂ ಸರಿ, ಎಷ್ಟೇ ಚೆನ್ನಾಗಿದ್ದರೂ ಬಳಸಬೇಡಿ, ಯಾರಿಗೂ ದಾನ ಕೊಡಬೇಡಿ, ಶಾಲೆಗಂತೂ ಬೇಡವೇ ಬೇಡ.

ಯಾರಿಗೆ ಕೊಡುವುದು

2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲೇ ಬಣ್ಣದ ಡಬ್ಬಗಳನ್ನು ‘ಮನೆಯ ಅಪಾಯಕಾರಿ ತ್ಯಾಜ್ಯ’ದ ಪಟ್ಟಿಗೆ ಸೇರಿಸಲಾಗಿತ್ತು. ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆದು, ಅಲ್ಲಿಂದ ಸುರಕ್ಷಿತವಾಗಿ ಸಾಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಲಾಗಿತ್ತು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯ ಸಂಸ್ಕರಿಸುವ ಘಟಕವಿದೆ. ಅಲ್ಲಿಗೆ ನೀವು ಒಂದು ಡಬ್ಬಿ ಹಿಡಿದು ಹೋಗುವುದಲ್ಲ, ಸ್ಥಳೀಯ ಸಂಸ್ಥೆ ಒಟ್ಟುಗೂಡಿಸಿ ಕಳಿಸಬೇಕು. ಆದ್ದರಿಂದ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು, ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಸುಮ್ಮನೆ ‘ಪೇಂಟ್ ಇದೆ’ ಎಂದರೆ ಯಾರೂ ಬರುವುದಿಲ್ಲ. ‘ಎನಾಮೆಲ್ ಒಂದು ಲೀಟರ್, ಸೀಸ ಇರಬಹುದಾದ ಪುಡಿ ಎರಡು ಕಿಲೋ, ಸೀಲ್ ಮಾಡಿ ಇಟ್ಟಿದ್ದೇನೆ’ ಎಂದು ಬರೆದು ಕೊಡಿ. ಲೇಔಟಿನ ಸಂಘದ ಮೂಲಕ ಹತ್ತು ಮನೆಯವರದ್ದು ಒಟ್ಟಿಗೆ ಸೇರಿಸಿ ಕೇಳಿದರೆ ಗಾಡಿ ಕಳಿಸುವ ಸಾಧ್ಯತೆ ಹೆಚ್ಚು. ಅಲ್ಲಿಯವರೆಗೆ ಅವು ತಣ್ಣಗಿನ ಜಾಗದಲ್ಲಿ, ಗ್ಯಾಸ್ ಸಿಲಿಂಡರ್ ಮತ್ತು ಇನ್ವರ್ಟರಿನಿಂದ ದೂರ ಬೀಗದೊಳಗೆ ಇರಲಿ.

ಖಾಲಿ ಬಕೆಟ್ಟುಗಳನ್ನು ಗುಜರಿಯವರು ಸಂತೋಷವಾಗಿ ಒಯ್ಯುತ್ತಾರೆ. ಪ್ಲಾಸ್ಟಿಕ್ಕಿನದಾದರೆ ಒಳಗಿನ ಬಣ್ಣ ಪೂರ್ತಿ ಒಣಗಿದ ಮೇಲೆ ಅಂಚು ಎಬ್ಬಿಸಿ ಎಳೆಯಿರಿ, ಬಹುತೇಕ ಸಿಪ್ಪೆಯಂತೆ ಬಿಟ್ಟುಬರುತ್ತದೆ. ಅಂಥ ಬಕೆಟ್ ಹೂವಿನ ಗಿಡಕ್ಕೆ, ಗಾರೆ ಕೆಲಸಕ್ಕೆ ಸರಿ. ಕುಡಿಯುವ ನೀರಿಗೆ, ಕಾಳುಕಡ್ಡಿಗೆ, ದನದ ಕಲಗಚ್ಚಿಗೆ ಬೇಡ. ತಗಡಿನ ಡಬ್ಬಿಗಳನ್ನು ಮುಚ್ಚಳ ತೆಗೆದೇ ಕೊಡಿ, ಒಳಗೆ ಒಣಗಿದೆ ಎಂಬುದು ಕಾಣಲಿ. ಸ್ಪ್ರೇ ಡಬ್ಬಿಯಿದ್ದರೆ ಒತ್ತಿದಾಗ ಸದ್ದೇ ಬರದಷ್ಟು ಖಾಲಿ ಮಾಡಿ. ತೂತು ಹೊಡೆಯುವುದು, ಬೆಂಕಿಗೆ ಹಾಕುವುದು ಎರಡೂ ಕೂಡದು.

ಇನ್ನು ಪ್ರತಿ ಕೋಣೆಯ ಬಣ್ಣದಲ್ಲಿ ನೀರು ಬೆರೆಸದ ಒಂದು ಲೀಟರನ್ನು ತೇಪೆ ಕೆಲಸಕ್ಕೆ ಇಟ್ಟುಕೊಳ್ಳುವುದು ಜಾಣತನ. ಇಪ್ಪತ್ತು ಲೀಟರ್ ಬಕೆಟ್ಟಿನ ತಳದಲ್ಲಿ ಒಂದು ಲೀಟರ್ ಬಿಟ್ಟರೆ ಮೇಲಿನ ಖಾಲಿ ಗಾಳಿಯೇ ಅದನ್ನು ಒಣಗಿಸುತ್ತದೆ. ಕುತ್ತಿಗೆಯವರೆಗೆ ತುಂಬುವಂಥ ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಸೋಸಿ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಚ್ಚಳ ಬಿಗಿಯಿರಿ. ಮೇಲೆ ಕೋಣೆಯ ಹೆಸರು, ಶೇಡ್ ಸಂಖ್ಯೆ, ತಿಂಗಳು-ವರ್ಷ ಬರೆಯಿರಿ. ತಾರಸಿ ಶೀಟಿನ ಕೆಳಗೆ ಇಡಬೇಡಿ, ಬೇಸಿಗೆಯ ಶಾಖಕ್ಕೆ ಗಟ್ಟಿಯಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಮುಟ್ಟುವ ಮುಂಚೆ ಮತ್ತೆ ಮೂಸಿ, ಕಲಕಿ, ಪೇಪರಿನ ಮೇಲೆ ಎಳೆದು ನೋಡಿ.